ಒಂಟಿ ಮಗುವನ್ನು ಒಬ್ಬಳ ಕೈಗೊಪ್ಪಿಸಿ ಸುಮ್ಮನಾಗಬೇಡಿ: ಶಾಲಾ ಮುಖ್ಯಸ್ಥರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯೋಪಾಧ್ಯಾಯರೆ, ಶಿಕ್ಷಣ ಇಲಾಖೆಯ ಅಧಿಕಾರಿಗಳೆ,

ತರಗತಿಯಲ್ಲಿ ಯಾರ ಜೊತೆಗೂ ಸೇರದೆ ಉಳಿದ ಮಗುವಿಗೆ ಸಹಪಾಠಿಗಳೇ ಜೊತೆಯಾಗಲಿ ಎಂಬ ಆಲೋಚನೆ ಈಗ ಅನೇಕ ಶಾಲೆಗಳಲ್ಲಿದೆ. ಒಳ್ಳೆಯದೇ. ದೊಡ್ಡವರು ಎಷ್ಟೇ ಪ್ರೀತಿ ತೋರಿದರೂ ಬಿಡುವಿನ ಗಂಟೆ ಹೊಡೆದಾಗ ಮಗುವಿನ ಪಕ್ಕದಲ್ಲಿ ಇರಬೇಕಾದವರು ಅದರ ವಾರಿಗೆಯವರೇ. ಆದರೆ ಈ ಆಲೋಚನೆ ಜಾರಿಗೆ ಬರುವ ರೀತಿ ಬಹುಪಾಲು ಒಂದೇ. ಶಿಕ್ಷಕರು ತರಗತಿಯಲ್ಲೇ ತೀರಾ ಮೃದು ಸ್ವಭಾವದ ಹುಡುಗಿಯೊಬ್ಬಳನ್ನು ಕರೆದು, ‘ನಾಳೆಯಿಂದ ನೀನು ಅವಳ ಜೊತೆ ಇರಮ್ಮ, ಪಾಪ, ಅವಳಿಗೆ ಯಾರೂ ಇಲ್ಲ’ ಎನ್ನುತ್ತಾರೆ. ಮೊದಲ ವಾರ ಎಲ್ಲ ಚೆನ್ನಾಗಿರುತ್ತದೆ. ಎರಡನೆಯ ವಾರ ಆ ಹುಡುಗಿಯ ಹಳೆಯ ಗೆಳತಿಯರು ಮುನಿಸಿಕೊಳ್ಳುತ್ತಾರೆ. ಮೂರನೆಯ ವಾರದ ಹೊತ್ತಿಗೆ ಅವಳಿಗೇ ಸಾಕಾಗಿ ಮೆಲ್ಲಗೆ ದೂರ ಸರಿಯುತ್ತಾಳೆ. ಒಂಟಿ ಮಗು ಮೊದಲಿದ್ದಲ್ಲಿಗೇ ಮರಳುತ್ತದೆ. ಟೀಚರ್ ಹೇಳಿದ್ದಕ್ಕೆ ಬಂದಿದ್ದಳು, ಈಗ ಬಿಟ್ಟುಹೋದಳು ಎಂಬ ಹೊಸ ನೋವೂ ಅದಕ್ಕೆ ಸೇರಿಕೊಳ್ಳುತ್ತದೆ.

ಈ ಪತ್ರ ಬರೆಯುತ್ತಿರುವುದು ಇದಕ್ಕಾಗಿ. ಮಕ್ಕಳು ಮಕ್ಕಳಿಗೆ ನೆರವಾಗಬಲ್ಲರು. ಆದರೆ ಆ ಕೆಲಸವನ್ನು ಮೂರ್ನಾಲ್ಕು ಜನ ಹಂಚಿಕೊಂಡಿರಬೇಕು, ಅದು ಅವರ ಕೈಗೆ ಎಟಕುವಷ್ಟು ಸಣ್ಣದಾಗಿರಬೇಕು, ಹೊಣೆ ಒಬ್ಬ ಶಿಕ್ಷಕರ ಹೆಗಲ ಮೇಲೆ ಇರಬೇಕು. 7ರಿಂದ 12 ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ಹೇಗೆ ಮಾಡಬಹುದು, ಎಲ್ಲಿ ಕೆಡುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇವೆ.

ಮೊದಲು, ಯಾರು ಒಂಟಿ ಎಂಬುದು. ಮೂಲೆಯಲ್ಲಿ ಕೂತು ಪುಸ್ತಕ ಓದುವ ಮಗು ಒಂಟಿಯಾಗಿ ನರಳುತ್ತಿರಬೇಕೆಂದೇನಿಲ್ಲ. ಅದಕ್ಕೆ ಅದೇ ಸುಖವಿರಬಹುದು. ಹತ್ತು ಜನರ ನಡುವೆ ನಗುತ್ತಾ ಓಡಾಡುವ ಮಗುವಿಗೆ ಮನಸ್ಸಿನ ಮಾತು ಹೇಳಿಕೊಳ್ಳಲು ಒಬ್ಬರೂ ಇಲ್ಲದಿರಬಹುದು. 1984ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀವನ್ ಆ್ಯಶರ್ ಮತ್ತು ಸಂಗಡಿಗರು 3ರಿಂದ 6ನೇ ತರಗತಿಯ ಮಕ್ಕಳಿಗೆಂದು ಒಂಟಿತನದ ಪ್ರಶ್ನಾವಳಿ ರೂಪಿಸಿದರು. ಅದರ 24 ಪ್ರಶ್ನೆಗಳಲ್ಲಿ 16 ಮಾತ್ರ ಒಂಟಿತನದವು, ಉಳಿದ 8 ಹವ್ಯಾಸಗಳಂಥ ಹಗುರ ವಿಷಯದವು, ಮಗುವಿಗೆ ಪರೀಕ್ಷೆಯಂತೆ ಅನಿಸದಿರಲಿ ಎಂದು. ಆಗಲೇ 10%ಕ್ಕಿಂತ ಹೆಚ್ಚು ಮಕ್ಕಳು ಒಂಟಿತನ ಹೇಳಿಕೊಂಡಿದ್ದರು. ದೊಡ್ಡವರ ಕಣ್ಣಂದಾಜು ನಂಬಿ ಹೊರಟರೆ ಇವರಲ್ಲಿ ಹಲವರು ತಪ್ಪಿಹೋಗುತ್ತಾರೆ, ಓದುತ್ತಾ ಹಾಯಾಗಿದ್ದ ಮಗುವಿಗೆ ಮಾತ್ರ ಕಾಟ ಶುರುವಾಗುತ್ತದೆ.

ಗುರುತಿಸಲು ಸರಳವಾದ ದಾರಿ ಇದೆ. 1930ರ ದಶಕದಲ್ಲಿ ಮನೋವೈದ್ಯ ಜೇಕಬ್ ಮೊರೆನೊ ಬಳಕೆಗೆ ತಂದ ಸಂಬಂಧ ನಕ್ಷೆಯೇ ಅದರ ಮೂಲ. ಪ್ರತಿ ಮಗುವಿಗೂ ಒಂದು ಚೀಟಿ ಕೊಟ್ಟು, ‘ಮುಂದಿನ ಗುಂಪು ಕೆಲಸಕ್ಕೆ ಯಾರ ಜೊತೆ ಕೂರಲು ಇಷ್ಟ? ಮೂರು ಹೆಸರು ಬರೆ’ ಎನ್ನಿ. ಹಾಳೆಯ ಮೇಲೆ ಹೆಸರುಗಳನ್ನು ಬರೆದುಕೊಂಡು, ಯಾರು ಯಾರನ್ನು ಆರಿಸಿದರೋ ಬಾಣ ಎಳೆಯಿರಿ. ಎರಡೂ ಕಡೆಯಿಂದ ಬಾಣ ಬಂದಲ್ಲಿ ಗೆಳೆತನವಿದೆ. ಒಂದೂ ಬಾಣ ಬಾರದ ಹೆಸರು ಯಾವುದು, ಬಾಣ ಬಂದರೂ ಪರಸ್ಪರ ಜೋಡಿಯಿಲ್ಲದ ಹೆಸರು ಯಾವುದು, ನೋಡಿ. ಎರಡು ಎಚ್ಚರ ಬೇಕು. ‘ಯಾರ ಜೊತೆ ಕೂರಲು ಇಷ್ಟವಿಲ್ಲ’ ಎಂದು ಕೇಳಲೇಬೇಡಿ. ಆ ಪ್ರಶ್ನೆ ಊಟದ ಬಿಡುವಿನಲ್ಲಿ ಚರ್ಚೆಯ ವಿಷಯವಾಗಿ ಯಾರದೋ ಹೆಸರು ಬೀದಿಗೆ ಬೀಳುತ್ತದೆ. ಇನ್ನೊಂದು, ಬರೆಸಿದ ಮೇಲೆ ನಿಜವಾಗಿಯೂ ಗುಂಪು ಮಾಡಿ, ಪ್ರತಿ ಮಗುವಿಗೂ ತಾನು ಬರೆದ ಹೆಸರಲ್ಲಿ ಒಂದಾದರೂ ಸಿಗುವಂತೆ. ಇಲ್ಲವಾದರೆ ಮುಂದಿನ ಸಲ ಯಾರೂ ಮನಸ್ಸಿಟ್ಟು ಬರೆಯುವುದಿಲ್ಲ. ಆ ದಿನ ಗೈರಾದ ಮಕ್ಕಳಿಂದ ಮರುದಿನ ಬರೆಸುವುದು ಮರೆಯಬಾರದು.

ಚೀಟಿಯ ಜೊತೆಗೆ ಕಣ್ಣೂ ಬೇಕು. ಎರಡು ವಾರ, ದಿನ ಬಿಟ್ಟು ದಿನ, ಬಿಡುವಿನ ಮೊದಲ ಹತ್ತು ನಿಮಿಷ ಅಂಗಳದಲ್ಲಿ ನಿಂತು ನೋಡಿ. ಗಂಟೆ ಹೊಡೆದ ಮೊದಲ ಎರಡು ಮೂರು ನಿಮಿಷಗಳಲ್ಲಿ ಗುಂಪುಗಳು ಕಟ್ಟಿಕೊಂಡುಬಿಡುತ್ತವೆ; ಆಗ ಹೊರಗುಳಿದ ಮಗು ಸಾಮಾನ್ಯವಾಗಿ ಕೊನೆಯವರೆಗೂ ಹೊರಗೇ. ಶೌಚಾಲಯಕ್ಕೆ ಮೂರು ಸಲ ಹೋಗಿಬರುವುದು, ಟೀಚರ್‌ಗೆ ಸಹಾಯ ಮಾಡುತ್ತೇನೆಂದು ತರಗತಿಯಲ್ಲೇ ಉಳಿಯುವುದು, ಬೂಟಿನ ಲೇಸನ್ನು ಬಿಚ್ಚಿ ಬಿಚ್ಚಿ ಕಟ್ಟುವುದು, ಇವೆಲ್ಲ ಆ ನಿಮಿಷಗಳನ್ನು ದಾಟಲು ಮಗು ಕಂಡುಕೊಂಡ ಉಪಾಯಗಳು.

ಹೀಗೆ ಸಿಗುವ ಮಕ್ಕಳೆಲ್ಲ ಒಂದೇ ಬಗೆಯವರಲ್ಲ. ಇದನ್ನು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ. ಕೋಯ್, ಡಾಡ್ಜ್ ಮತ್ತು ಕೊಪೊಟೆಲ್ಲಿ 1982ರಲ್ಲಿ ಮಾಡಿದ ವಿಂಗಡಣೆಯನ್ನು ಸಂಶೋಧಕರು ಇಂದಿಗೂ ಬಳಸುತ್ತಾರೆ. ಅದರಲ್ಲಿ ‘ಯಾರ ಗಮನಕ್ಕೂ ಬಾರದ’ ಮಗು ಬೇರೆ, ‘ಬೇಡವೆನಿಸಿಕೊಂಡ’ ಮಗು ಬೇರೆ. ಮೊದಲನೆಯದಕ್ಕೆ ಶತ್ರುಗಳೂ ಇಲ್ಲ, ಮಿತ್ರರೂ ಇಲ್ಲ. ಅದನ್ನು ಯಾರಾದರೂ ಕರೆದರೆ ಸಾಕು, ಬರುತ್ತದೆ. ಎರಡನೆಯದು ಆಟದ ನಡುವೆ ನಿಯಮ ಬದಲಿಸುತ್ತದೆ, ಸೋತರೆ ಚೆಂಡು ಎಸೆದು ಹೋಗುತ್ತದೆ, ಅಥವಾ ತನಗೆ ಗೊತ್ತಿರುವ ಒಂದೇ ವಿಷಯವನ್ನು ಬಿಡದೆ ಹೇಳುತ್ತದೆ. ಇಂಥ ಮಗುವನ್ನು ಬರೀ ಕರೆದು ಸೇರಿಸಿದರೆ ಎರಡೇ ದಿನದಲ್ಲಿ ಜಗಳವಾಗುತ್ತದೆ, ನೆರವಾಗಲು ಬಂದ ಮಕ್ಕಳೂ ಇನ್ನು ಇದರ ಸಹವಾಸ ಬೇಡ ಎನ್ನುತ್ತಾರೆ. ಅಲ್ಲಿ ಮಗುವಿಗೇ ಮೊದಲು ಕಲಿಸಬೇಕು.

ಹೇಗೆ ಕಲಿಸುವುದು ಎಂಬುದಕ್ಕೂ ಹಳೆಯ, ಗಟ್ಟಿಯಾದ ಮಾದರಿ ಇದೆ. 1977ರಲ್ಲಿ ಶೆರಿ ಓಡನ್ ಮತ್ತು ಆ್ಯಶರ್ 3 ಮತ್ತು 4ನೇ ತರಗತಿಯ ಒಂಟಿ ಮಕ್ಕಳಿಗೆ ನಾಲ್ಕು ಸಂಗತಿ ಹೇಳಿಕೊಟ್ಟರು: ಆಟದಲ್ಲಿ ಮನಸ್ಸಿಟ್ಟು ಭಾಗವಹಿಸುವುದು, ಸರದಿ ಮತ್ತು ಸಾಮಾನು ಹಂಚಿಕೊಳ್ಳುವುದು, ಮಾತಾಡುವುದು ಹಾಗೂ ಕೇಳಿಸಿಕೊಳ್ಳುವುದು, ಎದುರಿನವರಿಗೆ ಒಳ್ಳೆಯ ಮಾತು ಹೇಳುವುದು. ಮೊದಲು ಮಾತು, ಆಮೇಲೆ ಒಬ್ಬ ಸಹಪಾಠಿಯ ಜೊತೆ ಆಟ, ಆಟ ಮುಗಿದ ಮೇಲೆ ‘ಯಾವುದು ಸರಿಹೋಯಿತು?’ ಎಂದು ಮತ್ತೆ ಮಾತು. ಸುಮ್ಮನೆ ಜೊತೆಯಲ್ಲಿ ಆಡಿಸಿದ ಮಕ್ಕಳಿಗಿಂತ ಹೀಗೆ ಕಲಿತ ಮಕ್ಕಳನ್ನು ಸಹಪಾಠಿಗಳು ಹೆಚ್ಚು ಮೆಚ್ಚಿದರು, ಒಂದು ವರ್ಷದ ನಂತರವೂ ಆ ಫಲ ಉಳಿದಿತ್ತು. ಕೊನೆಯ ಆ ಮಾತುಕತೆ ಐದೇ ನಿಮಿಷದ್ದಾದರೂ ಬಿಡುವಂತಿಲ್ಲ.

ಈಗ ನೆರವಾಗುವ ಮಕ್ಕಳ ವಿಷಯ. ಒಂಟಿ ಮಗುವನ್ನೇ ಮೊದಲು ಕೇಳಿ: ‘ಯಾರ ಜೊತೆ ಆಡಬೇಕು ಅನ್ಸುತ್ತೆ?’ ಅದು ಹೇಳುವ ಹೆಸರುಗಳಲ್ಲಿ ಒಂದನ್ನಾದರೂ ಸೇರಿಸಿಕೊಳ್ಳಿ. ಮೂವರು ಅಥವಾ ನಾಲ್ವರು ಸಾಕು. ಫಿನ್ಲೆಂಡ್ 2009ರಿಂದ ದೇಶದುದ್ದಕ್ಕೂ ಹರಡಿದ ‘ಕಿವಾ’ ಕಾರ್ಯಕ್ರಮದಲ್ಲೂ ಕಿರುಕುಳಕ್ಕೊಳಗಾದ ಮಗುವಿಗೆ ಆಸರೆಯಾಗಲು ಇಬ್ಬರಿಂದ ನಾಲ್ವರು ಸಹಪಾಠಿಗಳನ್ನು ಶಿಕ್ಷಕರು ಕರೆದು ಮಾತಾಡುತ್ತಾರೆ. ನೀವು ಆರಿಸುವವರಲ್ಲಿ ಒಬ್ಬರು ಆ ಮಗುವಿನ ಇಷ್ಟಾನಿಷ್ಟಕ್ಕೆ ಹೊಂದುವವರು, ಒಬ್ಬರು ಮನೆಗೆ ಹೋಗುವ ದಾರಿಯಲ್ಲಿ ಜೊತೆಯಾಗುವವರು, ಒಬ್ಬರು ತರಗತಿಯಲ್ಲಿ ಮಾತು ನಡೆಯುವವರು ಇರಲಿ. ಮೂವರೂ ಒಂದೇ ಗುಂಪಿನ ಗೆಳೆಯರಾಗಿದ್ದರೆ ಉತ್ತಮ, ಆಗ ‘ನೀನು ಅವಳ ಜೊತೆ ಹೋದೆ’ ಎಂಬ ಮುನಿಸಿಗೆ ಎಡೆಯಿರುವುದಿಲ್ಲ. ತರಗತಿಯ ನಾಯಕನನ್ನೇ ಆರಿಸಬೇಕೆಂದಿಲ್ಲ. ಹುಡುಗಿಯರನ್ನಷ್ಟೇ ಆರಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಇನ್ನೊಬ್ಬರ ಮನಸ್ಸು ನೋಡಿಕೊಳ್ಳುವುದು ಹೆಣ್ಣುಮಕ್ಕಳ ಕೆಲಸ ಎಂಬ ಪಾಠ ಅಲ್ಲೇ ಶುರುವಾಗುತ್ತದೆ.

ಕರೆದಾಗ ‘ಆಗಲ್ಲ ಟೀಚರ್’ ಎಂದ ಮಗುವಿಗೆ ‘ಸರಿ’ ಎನ್ನಬೇಕು, ಕಾರಣ ಕೇಳಬಾರದು. ಒಪ್ಪಿದ ಮಗು ನಡುವೆ ಬಿಡಬಹುದು ಎಂಬುದೂ ಮೊದಲೇ ಗೊತ್ತಿರಬೇಕು. ಇಡೀ ತರಗತಿಯ ಮುಂದೆ ಇದನ್ನು ಪ್ರಕಟಿಸಬೇಡಿ. 1980ರ ದಶಕದಲ್ಲಿ ಕೆನಡಾದಲ್ಲಿ ಬೆಳೆದ ‘ಗೆಳೆಯರ ಬಳಗ’ ಎಂಬ ಪದ್ಧತಿಯಲ್ಲಿ ಮಗು ಇಲ್ಲದಾಗ ತರಗತಿಯ ಜೊತೆ ಅದರ ಬಗ್ಗೆ ಮುಕ್ತವಾಗಿ ಮಾತಾಡಿ, ತಾವಾಗಿ ಮುಂದೆ ಬಂದ ಆರೆಂಟು ಮಕ್ಕಳ ಬಳಗ ಕಟ್ಟುತ್ತಾರೆ. ಎಲ್ಲರಿಗೂ ಕಾಣುವ ಅಂಗವೈಕಲ್ಯವಿರುವ ಮಗುವಿಗೆ, ಮಗುವೂ ಮನೆಯವರೂ ಒಪ್ಪಿದ್ದರೆ, ಅದು ಸರಿ. ಸುಮ್ಮನೆ ನಾಚಿಕೆ ಸ್ವಭಾವದ ಮಗುವಿಗೆ ಅದನ್ನು ಮಾಡಿದರೆ, ನಾಚಿಕೆಯ ಜೊತೆ ಒಂದು ಹಣೆಪಟ್ಟಿಯೂ ಅಂಟುತ್ತದೆ ಎಂಬುದು ನಮ್ಮ ಅಭಿಪ್ರಾಯ.

ನೆರವಾಗುವ ಮಕ್ಕಳಿಗೆ 20 ನಿಮಿಷದ ನಾಲ್ಕು ಅವಧಿ ಕೊಡಿ. ‘ಒಳ್ಳೆಯವರಾಗಿರಿ’ ಎಂಬ ಉಪದೇಶದಿಂದ ಮಕ್ಕಳಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಅವರಿಗೆ ಬೇಕಾದದ್ದು ಬಾಯಿಗೆ ಬರುವ ಮಾತುಗಳು. ಅದರಲ್ಲೂ ಒಂದು ಗಳಿಗೆಯನ್ನು ಚೆನ್ನಾಗಿ ಅಭ್ಯಾಸ ಮಾಡಿಸಬೇಕು: ನಡೆಯುತ್ತಿರುವ ಆಟಕ್ಕೆ ಹೊರಗಿನವರು ಸೇರಿಕೊಳ್ಳುವ ಗಳಿಗೆ.

ಅಂಗಳದಲ್ಲಿ ಐದು ಮಕ್ಕಳು ಹಗ್ಗ ಜಿಗಿಯುತ್ತಿದ್ದಾರೆ ಎನ್ನಿ. ಒಂಟಿ ಮಗು ಬಂದು ಅಂಚಿನಲ್ಲಿ ನಿಲ್ಲುತ್ತದೆ. ಬಹಳ ಹೊತ್ತು ನಿಂತು, ಧೈರ್ಯ ಮಾಡಿ, ಮೆಲುದನಿಯಲ್ಲಿ ‘ನಾನೂ ಬರ್ಲಾ?’ ಎನ್ನುತ್ತದೆ. ಹಗ್ಗ ಬೀಸುತ್ತಿರುವವಳು ತಲೆಯೆತ್ತದೆಯೇ ‘ಆಗ್ಲೇ ಶುರುವಾಗಿದೆ’ ಎನ್ನುತ್ತಾಳೆ. ಅವಳಲ್ಲಿ ಕೆಡುಕಿಲ್ಲ, ಅನುಮತಿ ಕೇಳುವ ಪ್ರಶ್ನೆಗೆ ‘ಇಲ್ಲ’ ಎನ್ನುವುದು ಆಟದ ನಡುವೆ ಇರುವವರಿಗೆ ಎಲ್ಲಕ್ಕಿಂತ ಸುಲಭ. ಮಾರ್ಥಾ ಪುಟಲ್ಲಾಜ್ ಮತ್ತು ಜಾನ್ ಗಾಟ್‌ಮನ್ 1981ರಲ್ಲಿ ಈ ಗಳಿಗೆಯನ್ನೇ ಕೂಲಂಕಷವಾಗಿ ನೋಡಿದರು. ಸಹಪಾಠಿಗಳಿಗೆ ಇಷ್ಟವಾಗದ ಮಕ್ಕಳು ಗುಂಪಿಗೆ ಬಂದೊಡನೆ ಪ್ರಶ್ನೆ ಕೇಳಿ, ತಮ್ಮ ಬಗ್ಗೆ ಹೇಳಿಕೊಂಡು, ತಕರಾರು ತೆಗೆದು ಗಮನವನ್ನು ತಮ್ಮತ್ತ ಎಳೆಯಲು ನೋಡುತ್ತಿದ್ದರು. ಗುಂಪು ಆಗಲೇ ಮಾಡುತ್ತಿರುವುದಕ್ಕೆ ಹೊಂದಿಕೊಂಡು ಬರುವ ಮಕ್ಕಳನ್ನು ಗುಂಪು ಸೇರಿಸಿಕೊಳ್ಳುತ್ತಿತ್ತು.

ಇದರಿಂದ ಎರಡು ಕಡೆಗೂ ಪಾಠವಿದೆ. ಒಂಟಿ ಮಗು ಒಂದೆರಡು ಸರದಿ ನೋಡಬೇಕು, ಜೊತೆಗೆ ಎಣಿಸಬೇಕು, ‘ಅಬ್ಬಾ, ಇಪ್ಪತ್ತು ಆಯ್ತು!’ ಎನ್ನಬೇಕು, ಯಾರೋ ತಪ್ಪಿ ಆಟ ನಿಂತಾಗ ‘ಹಗ್ಗ ನಾನು ಹಿಡೀತೀನಿ ಕೊಡು’ ಎನ್ನಬೇಕು. ಒಳಗಿರುವ ನೆರವಿನ ಮಗು ಆ ಹೊತ್ತಿಗೆ ಜಾಗ ಮಾಡಿಕೊಡಬೇಕು. ಕೈ ಹಿಡಿದು ಎಳೆದು ತಂದು ‘ಇವಳನ್ನೂ ಸೇರಿಸ್ಕೊಳ್ಳಿ’ ಎಂದರೆ ಬಂದ ಮಗು ದಾನ ಪಡೆದವಳಾಗುತ್ತಾಳೆ. ‘ನಂಗೆ ಕೈ ನೋಯ್ತಿದೆ, ನೀನು ಬೀಸ್ತೀಯಾ?’ ಎಂದರೆ ಅವಳು ಬೇಕಾದವಳಾಗುತ್ತಾಳೆ. ಮೊದಲ ಮೂರು ಸರದಿ ಪಕ್ಕದಲ್ಲೇ ಇದ್ದರೆ ಸಾಕು, ಆಮೇಲೆ ಆಟವೇ ನೋಡಿಕೊಳ್ಳುತ್ತದೆ. ಆದರೆ ಸೇರಿಸಿಕೊಂಡವಳನ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ ಮಾಡಬಾರದು. ಔಟಾದರೆ ಔಟು, ಅಂಕ ಬಂದರೆ ಅಂಕ. ಕರುಣೆಗೆ ಕೊಟ್ಟ ವಿನಾಯಿತಿ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ.

ಇಂಥ ಮಾತುಗಳನ್ನು ಆಡಿಸಿ ಅಭ್ಯಾಸ ಮಾಡಿಸಿ. ‘ಯಾಕೆ ಒಬ್ಳೇ ಕೂತಿದ್ದೀಯ?’ ಎಂಬುದು ಕಾಳಜಿಯಿಂದ ಬಂದರೂ ಲೆಕ್ಕ ಕೇಳಿದಂತಾಗುತ್ತದೆ, ಉತ್ತರವಿಲ್ಲದ ಮಗು ಇನ್ನಷ್ಟು ಮುದುಡುತ್ತದೆ. ‘ಈ ತುದಿ ಹಿಡ್ಕೋ, ನಾನು ಗೆರೆ ಎಳೀತೀನಿ’ ಎಂಬುದಕ್ಕೆ ಉತ್ತರವೇ ಬೇಕಿಲ್ಲ, ಕೈ ಚಾಚಿದರೆ ಸಾಕು. ಮಾತು ಬಾರದ, ನಾಚುವ, ಹೊಸ ಭಾಷೆಯ ಶಾಲೆಗೆ ಬಂದ ಮಕ್ಕಳಿಗೆ ಕೈಗೆ ಕೆಲಸ ಕೊಡುವ ಈ ದಾರಿಯೇ ಸಲೀಸು. ಆಟಿಸಂ ಇರುವ ಕೆಲವು ಮಕ್ಕಳಿಗೆ ಎದುರುಬದುರು ಆಟಕ್ಕಿಂತ ಪಕ್ಕಪಕ್ಕದಲ್ಲಿ ಕೂತು ಒಂದೇ ಬಗೆಯ ಕೆಲಸ ಮಾಡುವುದು ಹಿತ. ‘ಬೇಡ’ ಎಂದರೆ? ‘ಸರಿ, ನಾವು ಅಲ್ಲೇ ಇರ್ತೀವಿ’ ಎಂದು ಹೇಳಿ ಹೋಗಬೇಕು, ಎರಡು ದಿನ ಬಿಟ್ಟು ಇನ್ನೊಮ್ಮೆ ಕರೆಯಬೇಕು. ಒಂದೇ ದಿನ ಮೂರು ಸಲ ಕರೆದರೆ ಅದೇ ಒಂದು ಕಿರುಕುಳ. ಮೊದಲ ಸಲದ ‘ಬೇಡ’ ಬಹಳ ಸಲ ‘ನೀವು ನಿಜವಾಗ್ಲೂ ಕರೀತಿದ್ದೀರಾ?’ ಎಂಬುದರ ಇನ್ನೊಂದು ರೂಪ ಎಂದು ಮಕ್ಕಳಿಗೆ ಹೇಳಿದರೆ ಅವರಿಗೆ ಬೇಸರವಾಗುವುದಿಲ್ಲ.

ನೆರವಾಗುವ ಈ ಮೂರ್ನಾಲ್ಕು ಮಕ್ಕಳನ್ನೂ ಶಿಕ್ಷಕರು ವಾರಕ್ಕೊಮ್ಮೆ 20 ನಿಮಿಷ ಕೂರಿಸಿ ಕೇಳಬೇಕು, ಆರರಿಂದ ಹತ್ತು ವಾರ. ಕೇಳಬೇಕಾದದ್ದು ‘ಏನು ಒಟ್ಟಿಗೆ ಮಾಡಿದಿರಿ? ಎಲ್ಲಿ ಕಷ್ಟವಾಯಿತು?’ ಇಷ್ಟೇ. ಆ ಮಗು ಏನು ಹೇಳಿತು, ಮನೆಯಲ್ಲಿ ಏನಂತೆ ಎಂದು ಕೆದಕಿದರೆ ಗೆಳೆಯರು ಗೂಢಚಾರರಾಗುತ್ತಾರೆ. ಒಂದನ್ನು ಮಾತ್ರ ಮೊದಲ ದಿನವೇ ಸ್ಪಷ್ಟವಾಗಿ ಹೇಳಿ: ಯಾರಾದರೂ ಹೊಡೆಯುತ್ತಿದ್ದರೆ, ಹೆದರಿಸುತ್ತಿದ್ದರೆ, ಅಥವಾ ಆ ಮಗು ತನಗೆ ತಾನೇ ನೋವು ಮಾಡಿಕೊಳ್ಳುವ ಮಾತಾಡಿದರೆ, ಅದು ಗುಟ್ಟಾಗಿ ಉಳಿಯುವಂತಿಲ್ಲ, ಅಂದೇ ದೊಡ್ಡವರಿಗೆ ತಿಳಿಯಬೇಕು. ಅದನ್ನು ಹೊರುವ ಶಕ್ತಿ ಮಕ್ಕಳಿಗಿಲ್ಲ.

ಕಿರುಕುಳ ಕಣ್ಣೆದುರೇ ನಡೆದಾಗ ಜೊತೆಗಿರುವ ಮಕ್ಕಳು ಏನಾದರೂ ಮಾಡಿದರೆ ಪ್ರಯೋಜನವಿದೆಯೇ? ಇದೆ. ಕೆನಡಾದ ಶಾಲಾ ಅಂಗಳಗಳಲ್ಲಿ ಚಿತ್ರೀಕರಿಸಿ ನೋಡಿದ, 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಹಪಾಠಿಗಳು ನಡುವೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ ಕಿರುಕುಳ 10 ಸೆಕೆಂಡಿನೊಳಗೆ ನಿಂತಿತ್ತು. ಆದರೂ ಕಾಡುವವನನ್ನು ಎದುರಿಸು ಎಂದು ಮಗುವಿಗೆ ಹೇಳುವುದು ಅಪಾಯ. ಕಾಡಿಸಿಕೊಳ್ಳುತ್ತಿರುವ ಮಗುವಿನ ಪಕ್ಕಕ್ಕೆ ಹೋಗಿ ‘ಬಾ, ನಮ್ಮ ಕಡೆ ಒಬ್ರು ಕಡಿಮೆ ಇದ್ದಾರೆ’ ಎಂದು ಕರೆದುಕೊಂಡು ಬರುವುದನ್ನು ಕಲಿಸಿ, ಇಬ್ಬರು ಒಟ್ಟಿಗೆ ಹೋಗುವಂತೆ. ಉಳಿದದ್ದು ನಿಮ್ಮ ಕೆಲಸ.

ಗೆಳೆಯರ ಬೆಂಚಿನ ಬಗ್ಗೆಯೂ ಹೇಳಬೇಕು, ಏಕೆಂದರೆ ಅದಕ್ಕೇ ಎಲ್ಲರಿಗೂ ಆಸೆ. 2013ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಪುಟ್ಟ ಹುಡುಗನೊಬ್ಬ, ಜರ್ಮನಿಯ ಶಾಲೆಯೊಂದರಲ್ಲಿ ಇದ್ದದ್ದನ್ನು ತಿಳಿದು, ತನ್ನ ಶಾಲೆಗೂ ಬೇಕೆಂದು ಕೇಳಿದ ಮೇಲೆ ಅದು ಬಹಳ ಕಡೆ ಹರಡಿತು. ಆಟಕ್ಕೆ ಜೊತೆ ಬೇಕಾದವರು ಅಲ್ಲಿ ಕೂರುತ್ತಾರೆ, ಕಂಡವರು ಬಂದು ಕರೆಯುತ್ತಾರೆ. ಬಣ್ಣ ಹಚ್ಚಿ, ಉದ್ಘಾಟಿಸಿ, ಫೋಟೊ ತೆಗೆಸಿ ಬಿಟ್ಟರೆ ಹೊಸತನ ಮುಗಿದೊಡನೆ ಅದು ‘ಯಾರೂ ಇಲ್ಲದವರ ಬೆಂಚು’ ಆಗುತ್ತದೆ. ಅಲ್ಲಿ ಕೂತು, ಯಾರೂ ಬಾರದೆ, ಎಲ್ಲರೂ ನೋಡುತ್ತಿರುವಾಗ ಎದ್ದು ಹೋಗುವುದು ಮಗುವಿಗೆ ಬೆಂಚಿಲ್ಲದ ದಿನಕ್ಕಿಂತ ಕಷ್ಟ.

ಬೆಂಚು ಇಡುವುದಾದರೆ ಅಂಗಳದ ನಟ್ಟನಡುವೆ ಬೇಡ, ಆಟ ನಡೆಯುವ ಜಾಗದ ಅಂಚಿನಲ್ಲಿ, ಮೇಲ್ವಿಚಾರಣೆಯ ಶಿಕ್ಷಕರಿಗೆ ಕಾಣುವಂತೆ ಇರಲಿ. ಪಕ್ಕದಲ್ಲಿ ಒಂದು ಬುಟ್ಟಿ: ಎರಡು ಹಗ್ಗ, ಎರಡು ಚೆಂಡು, ಒಂದಿಷ್ಟು ಸೀಮೆಸುಣ್ಣ. ವಾರಕ್ಕೆ ಇಬ್ಬರಂತೆ ಎಲ್ಲ ಮಕ್ಕಳಿಗೂ ಪಾಳಿ. ಯಾರಾದರೂ ಕೂತರೆ ಎರಡು ನಿಮಿಷದೊಳಗೆ ಅವರಲ್ಲಿ ಒಬ್ಬರು ಹೋಗಬೇಕು. ‘ಆಟಕ್ಕೆ ಇನ್ನೊಬ್ಬರು ಬೇಕು’ ಎನ್ನುವವರೂ ಅಲ್ಲಿಗೇ ಬರಲಿ, ಆಗ ಆ ಜಾಗಕ್ಕೆ ಅವಮಾನ ಅಂಟುವುದಿಲ್ಲ. ಬೆಂಚಿಗೆ ಹಣವಿಲ್ಲದಿದ್ದರೆ ಗೋಡೆಯ ಮೇಲೆ ಎಳೆದ ಬಣ್ಣದ ಪಟ್ಟಿಯೂ ಆದೀತು, ಪಾಳಿಯೊಂದು ತಪ್ಪದಿದ್ದರೆ.

ತರಗತಿಯೊಳಗಿನ ಕೂರುವ ವ್ಯವಸ್ಥೆ ಇದಕ್ಕಿಂತ ಅಗ್ಗ, ನಮ್ಮ ಪ್ರಕಾರ ಹೆಚ್ಚು ಫಲ ಕೊಡುವಂಥದ್ದು. ನೆದರ್ಲೆಂಡ್ಸ್‌ನಲ್ಲಿ 5 ಮತ್ತು 6ನೇ ತರಗತಿಯ ಮಕ್ಕಳ ಮೇಲೆ ನಡೆದ, 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪರಸ್ಪರ ಇಷ್ಟಪಡದ ಮಕ್ಕಳನ್ನು ಕೆಲವು ವಾರ ಹತ್ತಿರ ಕೂರಿಸಿದಾಗ ಅವರ ನಡುವಿನ ಅಸಮಾಧಾನ ಕಡಿಮೆಯಾಗಿತ್ತು. ಆರೆಂಟು ವಾರಕ್ಕೊಮ್ಮೆ ಜಾಗ ಬದಲಿಸಿ. ಕಾಡುವವನ ಪಕ್ಕದಲ್ಲಿ ಕಾಡಿಸಿಕೊಂಡವನನ್ನು ಮಾತ್ರ ಕೂರಿಸಬೇಡಿ. ಗುಂಪು ಕೆಲಸ ಕೊಟ್ಟಾಗ ಪಾಠವನ್ನು ತುಂಡು ಮಾಡಿ ಪ್ರತಿ ಮಗುವಿನ ಕೈಗೂ ಬೇರೆಯವರಲ್ಲಿಲ್ಲದ ಒಂದು ತುಂಡು ಕೊಡಿ. ಮನಶ್ಶಾಸ್ತ್ರಜ್ಞ ಎಲಿಯಟ್ ಆ್ಯರನ್‌ಸನ್ 1971ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ, ಬಿಳಿಯ, ಕಪ್ಪು ಮಕ್ಕಳನ್ನು ಮೊದಲ ಬಾರಿಗೆ ಒಟ್ಟಿಗೆ ಸೇರಿಸಿದ್ದ ಶಾಲೆಗಳಲ್ಲಿ ಐದಾರು ಮಕ್ಕಳ ಗುಂಪು ಮಾಡಿ ಇದನ್ನು ಆರಂಭಿಸಿದ್ದು ಇದೇ ತರ್ಕದಿಂದ: ಅವನ ಮಾತು ಕೇಳದೆ ನನ್ನ ಕೆಲಸ ಮುಗಿಯುವುದಿಲ್ಲ ಎಂದಾದಾಗ ಮಕ್ಕಳು ಕೇಳುತ್ತಾರೆ.

ಆಟದ ಅವಧಿಯಲ್ಲಿ ಇಬ್ಬರು ನಾಯಕರು ಒಬ್ಬೊಬ್ಬರನ್ನೇ ಆರಿಸಿಕೊಳ್ಳುವ ಪದ್ಧತಿಯನ್ನು ನಾಳೆಯೇ ನಿಲ್ಲಿಸಿ. ಕೊನೆಯಲ್ಲಿ ಉಳಿಯುವ ಮಗು ಪ್ರತಿ ವಾರವೂ ಅದೇ ಆಗಿರುತ್ತದೆ. ಒಂದು, ಎರಡು ಎಂದು ಎಣಿಸಿ ತಂಡ ಮಾಡಲು ಅರ್ಧ ನಿಮಿಷವೂ ಬೇಡ.

ನೆರವಾಗುವ ಮಕ್ಕಳ ಓದು ಹಾಳಾಗುತ್ತದೆ, ಅವರಿಗೇನು ಲಾಭ ಎಂದು ಕೇಳುವ ಪೋಷಕರಿಗೆ ಒಂದು ಉತ್ತರವಿದೆ. ಕೆನಡಾದ ವ್ಯಾಂಕೂವರ್‌ನಲ್ಲಿ 9ರಿಂದ 11 ವರ್ಷದ ಮಕ್ಕಳು ನಾಲ್ಕು ವಾರ, ವಾರಕ್ಕೆ ಮೂರು ಸಲ ಯಾರಿಗಾದರೂ ಒಳ್ಳೆಯದೇನಾದರೂ ಮಾಡಿದರು. ಇನ್ನೊಂದು ಗುಂಪಿನ ಮಕ್ಕಳು ವಾರಕ್ಕೆ ಮೂರು ಜಾಗಗಳಿಗೆ ಹೋಗಿಬಂದರು. ಎರಡೂ ಗುಂಪಿನ ಮಕ್ಕಳಿಗೆ ಖುಷಿ ಹೆಚ್ಚಿತು, ಆದರೆ ಸಹಪಾಠಿಗಳ ಮೆಚ್ಚುಗೆ ಹೆಚ್ಚು ಗಳಿಸಿದ್ದು ಒಳ್ಳೆಯದು ಮಾಡಿದ ಮಕ್ಕಳು. ಇದು 2012ರಲ್ಲಿ ಪ್ರಕಟವಾದ ಫಲಿತಾಂಶ. ಹಾಗೆಂದು ‘ಉತ್ತಮ ಗೆಳೆಯ’ ಎಂದು ಬ್ಯಾಡ್ಜು, ಪ್ರಮಾಣಪತ್ರ ಹಂಚಬೇಡಿ. ಬಹುಮಾನ ಬಂದೊಡನೆ ಒಂಟಿ ಮಗು ಗೆಲ್ಲಬೇಕಾದ ಸ್ಪರ್ಧೆಯ ಸಾಮಗ್ರಿಯಾಗುತ್ತದೆ.

ಎಂಟು ವಾರದ ನಂತರ ಮತ್ತೆ ಚೀಟಿ ಬರೆಸಿ ನೋಡಿ. ಆ ಮಗು ಎಲ್ಲರ ಅಚ್ಚುಮೆಚ್ಚಾಗಿರಬೇಕೆಂದು ಕಾಯಬೇಡಿ. ಎರಡೂ ಕಡೆಯ ಬಾಣ ಒಂದು ಬಂದಿದ್ದರೆ ಕೆಲಸವಾಗಿದೆ. ನೆರವಿನ ಮಕ್ಕಳ ಹೊರಗಿನಿಂದ ಆ ಬಾಣ ಬಂದಿದ್ದರೆ ಇನ್ನೂ ಒಳ್ಳೆಯದು. ಆಮೇಲೆ ಸಭೆಗಳನ್ನು ವಾರಕ್ಕೊಮ್ಮೆಯಿಂದ ಎರಡು ವಾರಕ್ಕೊಮ್ಮೆ ಮಾಡಿ, ನಿಧಾನಕ್ಕೆ ಬಿಡಿ. ತಟ್ಟನೆ ನಿಲ್ಲಿಸಿದರೆ ಮಗು ಅದನ್ನು ಕೈಬಿಟ್ಟಂತೆ ಓದಿಕೊಳ್ಳುತ್ತದೆ. ಏನೂ ಬದಲಾಗದಿದ್ದರೆ, ಅಥವಾ ಮಗು ಶಾಲೆಗೆ ಬರಲೇ ಒಲ್ಲೆನೆಂದರೆ, ಮನೆಯವರನ್ನೂ ಆಪ್ತ ಸಮಾಲೋಚಕರನ್ನೂ ಕರೆಯುವ ಹೊತ್ತು ಅದು. ಇನ್ನೂ ನಾಲ್ಕು ಮಕ್ಕಳನ್ನು ಸೇರಿಸುವ ಹೊತ್ತಲ್ಲ.

ಅಧಿಕಾರಿಗಳಲ್ಲಿ ನಮ್ಮ ಕೋರಿಕೆಗಳಿವು. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವು 2025ರ ವರದಿಯಲ್ಲಿ ಜಗತ್ತಿನ 6 ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ, ಹರೆಯದವರಲ್ಲಿ ಅದು ಇನ್ನೂ ಹೆಚ್ಚು ಎಂದಿದೆ. ಇದನ್ನು ಶಾಲೆಯ ಹೆಚ್ಚುವರಿ ಚಟುವಟಿಕೆ ಎಂದು ಬದಿಗಿಡಬೇಡಿ. ಬಿಡುವಿನ ವೇಳೆಯನ್ನು ಪಾಠ ಮುಗಿಸಲು ಕಸಿದುಕೊಳ್ಳುವುದನ್ನೂ, ಶಿಕ್ಷೆಯಾಗಿ ರದ್ದು ಮಾಡುವುದನ್ನೂ ನಿಷೇಧಿಸಿ. ಮೇಲೆ ಹೇಳಿದ್ದೆಲ್ಲ ನಡೆಯುವುದು ಆ ವೇಳೆಯಲ್ಲಿ. ಪ್ರತಿ ಶಾಲೆಯಲ್ಲಿ ಒಬ್ಬ ಶಿಕ್ಷಕರಿಗೆ ಇದಕ್ಕೆಂದು ವಾರಕ್ಕೆ ಎರಡು ಅವಧಿ ಬಿಡಿಸಿಕೊಡಿ. ಒಂಟಿ ಮಕ್ಕಳ ಹೆಸರಿನ ಪಟ್ಟಿಯನ್ನು ವರದಿಯಾಗಿ ಕೇಳಬೇಡಿ. ಎಷ್ಟು ಮಕ್ಕಳು, ಏನು ಮಾಡಿದಿರಿ ಎಂಬ ಸಂಖ್ಯೆ ಸಾಕು. ಚೀಟಿಗಳನ್ನೂ ನಕ್ಷೆಯನ್ನೂ ಬೀಗದಲ್ಲಿಡಿಸಿ, ವರ್ಷದ ಕೊನೆಗೆ ಹರಿದು ಹಾಕಿಸಿ.

ಹರಿಯುವ ಮೊದಲು ಮುಂದಿನ ತರಗತಿಯ ಶಿಕ್ಷಕರಿಗೆ ಒಂದೇ ಸಾಲು ದಾಟಿಸಲಿ: ಈ ಮಗು ಯಾರ ಜೊತೆ ಹೊಂದಿಕೊಂಡಿದೆ. ವಿಭಾಗಗಳನ್ನು ಹೊಸದಾಗಿ ಹಂಚುವಾಗ ಅಂಕಗಳ ಸಮತೋಲ ನೋಡಿ ಹೆಸರುಗಳನ್ನು ಅತ್ತಿತ್ತ ಮಾಡುತ್ತೀರಿ. ಇಡೀ ವರ್ಷ ಕಷ್ಟಪಟ್ಟು ಒಬ್ಬ ಗೆಳತಿಯನ್ನು ಗಳಿಸಿಕೊಂಡ ಮಗುವನ್ನು ಆಗ ಬೇರೆ ವಿಭಾಗಕ್ಕೆ ಹಾಕಬೇಡಿ. ಹೊಸ ವಿಭಾಗಗಳ ಪಟ್ಟಿಗೆ ಸಹಿ ಹಾಕುವ ಮುನ್ನ ಆ ಎರಡು ಹೆಸರು ಒಂದೇ ಕಡೆ ಇವೆಯೇ ಎಂದು ನೋಡಿ.

ಇತಿ,
ಮಕ್ಕಳೊಂದಿಗೆ ಕೆಲಸ ಮಾಡುವ ಶಿಕ್ಷಕರು ಮತ್ತು ಶಾಲಾ ಆಪ್ತ ಸಮಾಲೋಚಕರು